ಮಾರ್ನೆಮಿಕಟ್ಟೆಯ ದಾರಿಯಲ್ಲಿ ತಾಸೆಯ ಪೆಟ್ಟು

ಮಹಾನವಮಿ ಎಂಬ ಪದ ತುಳುವರ ಬಾಯಲ್ಲಿ ಸವೆದು ಮಾರ್ನೆಮಿಯಾಗಿದೆ. ಮಂಗಳೂರಿಗೆ ಹೆಸರು ಕೊಟ್ಟ ಮಂಗಳಾದೇವಿಯ ರಥವು ದಸರೆಯಂದು ಸಾಗಿ ಬಂದು ಶಮೀಪೂಜೆಗೆ ನಿಲ್ಲುವ ಸ್ಥಳಕ್ಕೂ ಅದೇ ಹೆಸರು ಅಂಟಿಕೊಂಡು, ಜೆಪ್ಪುವಿನ ಮಗ್ಗುಲಿನ ಆ ಜಾಗ ಮಾರ್ನೆಮಿಕಟ್ಟೆಯಾಗಿ ಉಳಿದಿದೆ. ಈ ಹಬ್ಬದ ದಿನಗಳಲ್ಲಿ ಜೆಪ್ಪು, ಬೋಳಾರಗಳ ಓಣಿಗಳಲ್ಲಿ ಕೇಳಿಬರುವುದು ತಾಸೆಯ ಸದ್ದು. ಪಿಲಿವೇಷ, ಅಂದರೆ ಹುಲಿವೇಷದ ಕುಣಿತ, ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಕಿವಿಗೆ ತಲುಪುತ್ತದೆ.

ತಾಸೆಯೆಂದರೆ ಬೋಗುಣಿಯಂಥ ಒಡಲಿನ ಬಾಯಿಗೆ ಬಿಗಿಯಾಗಿ ಹೊದಿಕೆ ಕಟ್ಟಿ, ಕೊರಳಿಗೆ ತೂಗುಹಾಕಿಕೊಂಡು, ಎರಡು ಸಪೂರ ಕೋಲುಗಳಿಂದ ಬಾರಿಸುವ ವಾದ್ಯ. ಅದರ ಚುರುಕಾದ, ತೆಳುವಾದ ನಾದಕ್ಕೆ ಎರಡು ಮುಖದ ಡೋಲು ಕೆಳದನಿಯ ಆಸರೆ ಕೊಡುತ್ತದೆ. ತುಳುವಿನಲ್ಲಿ 'ತಾಸೆದ ಪೆಟ್ಟ್' ಎಂದು ಕರೆಯುವ ಈ ಬಡಿತವನ್ನು ಯಾರೂ ಪುಸ್ತಕ ನೋಡಿ ಕಲಿತವರಲ್ಲ. ಹಿರಿಯರ ಪಕ್ಕದಲ್ಲಿ ನಡೆಯುತ್ತ, ಕೇಳುತ್ತ, ಕೈ ಪಳಗಿಸಿಕೊಂಡವರು. ಹುಲಿಯ ಹೆಜ್ಜೆ ಬದಲಾದಾಗ ಪೆಟ್ಟು ಬದಲಾಗುತ್ತದೆ, ಪೆಟ್ಟು ಏರಿದಾಗ ಹೆಜ್ಜೆಯೂ ಏರುತ್ತದೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನು ವೇಷಧಾರಿ ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಆ ಗಳಿಗೆಯಲ್ಲಿ, ಅವನ ಕೊರಳಿಗೆ ಬಲ ತುಂಬುವುದು ತಾಸೆಯವನ ಮಣಿಕಟ್ಟೇ ಎಂದರೆ ಉತ್ಪ್ರೇಕ್ಷೆಯಾಗದು.

ಜೆಪ್ಪು ಒಂದೇ ಬಗೆಯ ಜನರ ಊರಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನದಿಯ ಮಣ್ಣು ದುಡಿಮೆಗಾರರನ್ನು ಇತ್ತ ಸೆಳೆಯಿತು. 1879ರಲ್ಲಿ ಆರಂಭವಾದ ಸಂತ ಜೋಸೆಫರ ಸೆಮಿನರಿ ಜೆಪ್ಪುವನ್ನು ಕ್ಯಾಥೊಲಿಕರ ವಿದ್ಯಾಕೇಂದ್ರವಾಗಿಸಿತು. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಮಾರುಕಟ್ಟೆಯಲ್ಲಿ ಬೆರೆಯುವ ಇಂಥ ಕಡೆ ಚರ್ಚಿನ ಹಬ್ಬದ ಮೆರವಣಿಗೆಗೆ ಬ್ಯಾಂಡ್‌ಸೆಟ್ ಬರುತ್ತದೆ, ಮಾರ್ನೆಮಿಗೆ ತಾಸೆ ಬರುತ್ತದೆ. ಎರಡೂ ಗೋಡೆಗಳನ್ನು ದಾಟುವ ಸಂಗೀತವೇ. ಸಭಾಂಗಣದ ಕಚೇರಿಗೆ ಕೇಳುಗ ತಾನಾಗಿ ಹೋಗಬೇಕು, ಬೀದಿಯ ವಾದ್ಯವಾದರೋ ಕೇಳುಗನ ಅಂಗಳಕ್ಕೇ ಬಂದು ನಿಂತು, ಅವನ ಜಾತಿಮತವನ್ನು ವಿಚಾರಿಸದೆ ಅವನನ್ನು ಹೊರಗೆ ಕರೆಯುತ್ತದೆ. ಗಂಟೆಗಟ್ಟಲೆ ಭಾಷಣ ಮಾಡಿಯೂ ಸಾಧಿಸಲಾಗದ ನೆರೆಹೊರೆಯ ನಂಟು ಗೇಟಿನ ಬಳಿಯ ಆ ಹತ್ತು ನಿಮಿಷದಲ್ಲಿ ತಾನಾಗಿ ಹುಟ್ಟುವುದು ಈ ಕಾರಣಕ್ಕೆ.

ಆದರೆ ಬೀದಿಯ ವಾದ್ಯ ಎಲ್ಲರನ್ನೂ ಕೂಡಿಸುತ್ತದೆ ಎಂದು ಬರೆಯುವಾಗ, ಆ ವಾದ್ಯ ಹಿಡಿದ ಕೈಗಳು ಆ ಕೂಟದ ಒಳಗಿದ್ದವೇ ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ತುಳುನಾಡಿನಲ್ಲಿ ಡೋಲಿನ ನಾದವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಲ್ಲಿ ಕೊರಗ ಸಮುದಾಯದವರು ಮುಖ್ಯರು. ಕಂಬಳಕ್ಕೂ ಜಾತ್ರೆಗೂ ಅವರ ಡೋಲು ಬೇಕಾಗಿತ್ತು, ಅವರೊಡನೆ ಕೂತು ಉಣ್ಣುವುದು ಮಾತ್ರ ಬೇಡವಾಗಿತ್ತು. ಕೊರಗರನ್ನು ಕೀಳಾಗಿ ಕಂಡು, ಕೂಲಿಯಿಲ್ಲದೆ ದುಡಿಸಿಕೊಂಡು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ಕರ್ನಾಟಕವು 2000ರಲ್ಲಿ ಕಾನೂನು ತಂದು ನಿಷೇಧಿಸಬೇಕಾಯಿತು. ಡೋಲು ಬಾರಿಸುವುದನ್ನೇ ಹೀನಾಯದ ಗುರುತಾಗಿಸಿದ್ದ ಸಮಾಜದಲ್ಲಿ, ಅದೇ ಡೋಲನ್ನು ಅಭಿಮಾನದಿಂದ ಎತ್ತಿಕೊಳ್ಳುವ ಇಂದಿನ ಕೊರಗ ಯುವಕರು ಈ ಸಂಗೀತಕ್ಕೆ ಅದು ಹಿಂದೆಂದೂ ಪಡೆಯದಿದ್ದ ಘನತೆಯನ್ನು ತಂದುಕೊಡುತ್ತಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಪಿಲಿವೇಷ ಸ್ಪರ್ಧೆಯ ವೇದಿಕೆಯನ್ನೇರಿದೆ. ಬಹುಮಾನದ ಹಣದಿಂದ ತಂಡಗಳ ಖರ್ಚು ತೂಗುತ್ತದೆ, ಕಸರತ್ತು ಹರಿತವಾಗುತ್ತದೆ. ಇದನ್ನು ಹಳಿಯಲು ಕಾರಣವಿಲ್ಲ. ಆದರೆ ವೇದಿಕೆಯ ಮೇಲಿನ ತಾಸೆ ಧ್ವನಿವರ್ಧಕದ ಮೂಲಕ ಸಾವಿರ ಮಂದಿಯನ್ನು ತಲುಪಿಯೂ ಯಾರ ಅಂಗಳಕ್ಕೂ ಕಾಲಿಡುವುದಿಲ್ಲ, ಹಾಸಿಗೆ ಹಿಡಿದ ಅಜ್ಜಿಯ ಕಿಟಕಿಯ ಕೆಳಗೆ ನಿಲ್ಲುವುದಿಲ್ಲ. ಬಣ್ಣ ಬಳಿಯುವ ಮುನ್ನ ಧೂಪ ಹಾಕಿ ಪ್ರಾರ್ಥಿಸುವ 'ಊದು' ಮುಗಿಸಿ, ಮೊದಲ ಕುಣಿತವನ್ನು ದೇವಸ್ಥಾನದ ಎದುರು ಸಲ್ಲಿಸಿ, ಆಮೇಲೆ ಮನೆಮನೆಗೆ ಹೊರಡುವ ಕ್ರಮವನ್ನು ಇಟ್ಟುಕೊಂಡ ತಂಡಗಳು ಇನ್ನೂ ಇವೆ. ಮಾರ್ನೆಮಿಯ ಆ ದಿನಗಳಲ್ಲಿ ಅವುಗಳಿಗಾಗಿ ಗೇಟಿನ ಚಿಲಕ ತೆಗೆದಿಟ್ಟು ಕಾಯುವ ಮನೆಗಳೂ ಇವೆ.