ಕೆಸರುದಾರಿಯ ಕಲ್ಲುಗಳು

ಮಳೆಯಲ್ಲಿಯೂ ಬೆಟ್ಟ ತಿರುಗುವ ಹವ್ಯಾಸವುಳ್ಳ ನಮ್ಮ ವಾಚಕರಿಗೆ ಪರದೇಶದ ಸಂಗತಿಯೊಂದನ್ನು ಹೇಳುವೆವು. ಇಂಗ್ಲೆಂಡಿನ ಪೆನೈನ್ ಬೆಟ್ಟಗಳ ಮೇಲೆ 1965ರಲ್ಲಿ ತೆರೆಯಲ್ಪಟ್ಟ 268 ಮೈಲಿಗಳ ಕಾಲುದಾರಿಯೊಂದುಂಟು. ದಿನವಿಡೀ ಮಳೆ ಹಿಡಿದರೆ ಅಲ್ಲಿನ ಜೌಗಿನಲ್ಲಿ ಕಾಲು ಹೂತುಹೋಗುವುದು. ಆ ಕರಿಯ ನೆಲವು ಪೂರಾ ಕೊಳೆಯದ ಪಾಚಿಯ ರಾಶಿ. ಗಜದಷ್ಟು ಬೆಳೆಯಲು ಅದಕ್ಕೆ ಸುಮಾರು ಸಾವಿರ ವರ್ಷ ಬೇಕು. ನಡೆಯುವವರು ಕೆಸರಿಗೆ ಅಂಜಿ ಪಕ್ಕಕ್ಕೆ ಸರಿದಂತೆಲ್ಲ ದಾರಿ ಅಗಲವಾಯಿತು. ತುಳಿದ ನೆಲ ಮಳೆನೀರಿನಲ್ಲಿ ಕೊಚ್ಚಿಹೋಗತೊಡಗಿತು. ಕಡೆಗೆ, ಮುಚ್ಚಿದ ಹತ್ತಿಗಿರಣಿಗಳ ನೆಲಹಾಸಿನ ಚಪ್ಪಡಿಗಳನ್ನು ತಂದು ಅಲ್ಲಿ ಹಾಸಿದರು. ಲ್ಯಾಂಕಾಶೈರಿನ ಗಿರಣಿಗಳ ಬಟ್ಟೆ ಒಮ್ಮೆ ನಮ್ಮ ಹಿರಿಯರ ಪೇಟೆಗಳಿಗೂ ಬರುತ್ತಿದ್ದಿತು. ಅಂಥ ಗಿರಣಿಗಳ ಕಲ್ಲು ಇಂದು ನೆಲದ ಮಾನ ಕಾಯುತ್ತಿದೆ. ಕಾಲು ನೆನೆದರೆ ಸಂಜೆಗೆ ಒಣಗೀತು, ಕೊಚ್ಚಿಹೋದ ನೆಲ ಮರಳದು. ಆದುದರಿಂದ ಎಂಥ ಮಳೆಯಲ್ಲಿಯೂ ದಾರಿ ಬಿಡಬಾರದೆಂಬುದೇ ನಮ್ಮ ಮತ.