ಹೆಸರಿಗೆ ತಕ್ಕ ಗಾಡಿಯೇ?

ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದ ಕೂಡಲೇ ಸಲಹೆಗಳು ತಾವಾಗಿ ಬರುತ್ತವೆ. ಟೊಯೋಟಾ ತಗೊಂಡರೆ ಎಷ್ಟು ಲಕ್ಷ ಕಿಲೋಮೀಟರ್ ಓಡಿದರೂ ಎಂಜಿನ್ ಬಿಚ್ಚಿಸುವ ಗೋಜಿಲ್ಲ. ಮಾರುತಿಯಾದರೆ ಮೈಲೇಜ್ ಬರುತ್ತದೆ, ಮಾರುವಾಗ ಒಳ್ಳೆಯ ರೇಟೂ ಸಿಗುತ್ತದೆ, ಬಾಡಿ ಮಾತ್ರ ತಗಡು. ಜರ್ಮನ್ ಗಾಡಿ ಓಡಿಸಲು ಚೆಂದ, ರಿಪೇರಿಗೆ ಬಂದರೆ ಕಷ್ಟ. ಲಾರಿ ಮಾಲೀಕರಲ್ಲೂ ಇಂಥ ಮಾತುಗಳಿವೆ: ಟಾಟಾ ಲಾರಿ ಎಲ್ಲಿ ಕೆಟ್ಟು ನಿಂತರೂ ರಿಪೇರಿಯಾಗುತ್ತದೆ, ಲೇಲ್ಯಾಂಡ್ ಎಂಜಿನ್ ಎಂಥ ಲೋಡಿಗೂ ಸೋಲುವುದಿಲ್ಲ. ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಪ್ರತಿ ಮಾತಿನ ಹಿಂದೆಯೂ ಯಾರದೋ ವರ್ಷಗಟ್ಟಲೆಯ ಅನುಭವವಿದೆ. ಆದರೆ ಆ ಅನುಭವ ಯಾವ ಗಾಡಿಯದು, ಯಾವ ಕಾಲದ್ದು? ಇವತ್ತು ಷೋರೂಮಿನಲ್ಲಿ ನಿಂತಿರುವ ಗಾಡಿಗೂ ಅದಕ್ಕೂ ಹೆಸರು ಬಿಟ್ಟು ಬೇರೆ ಯಾವ ಸಂಬಂಧ ಉಳಿದಿದೆ?

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಒಳ್ಳೆಯ ಹೆಸರನ್ನು ಗಳಿಸುವುದು ಒಂದು ನಿರ್ದಿಷ್ಟ ಮಾದರಿ, ಒಂದು ಎಂಜಿನ್, ಒಂದು ಕಾಲದ ಎಂಜಿನಿಯರುಗಳು. ಆ ಹೆಸರನ್ನು ಖರ್ಚು ಮಾಡುವವರು ಮುಂದೆ ಬಂದ ಬೇರೆಯವರು. ಕೆಟ್ಟ ಹೆಸರೂ ಹಾಗೆಯೇ, ತಪ್ಪು ಮಾಡಿದ ಗಾಡಿ ರಸ್ತೆಯಿಂದ ಮರೆಯಾದ ಮೇಲೂ ಅದರ ಮುಂದಿನ ಪೀಳಿಗೆಯನ್ನು ಬಿಡದೆ ಕಾಡುತ್ತದೆ.

ಟೊಯೋಟಾದಿಂದಲೇ ಶುರುಮಾಡೋಣ, ಏಕೆಂದರೆ ಈ ಹೆಸರು ನಮ್ಮಲ್ಲಿ ಬೇರೂರಿದ್ದು ಬಿಡದಿಯ ಮಣ್ಣಿನಲ್ಲಿ. 2000ದಲ್ಲಿ ಅಲ್ಲಿನ ಕಾರ್ಖಾನೆಯಿಂದ ಹೊರಬಂದ ಕ್ವಾಲಿಸ್ ನೋಡಲು ಸಾಧಾರಣ ಗಾಡಿ. ಆದರೆ ಹಗಲೂ ರಾತ್ರಿ ಟ್ಯಾಕ್ಸಿಯಾಗಿ ದುಡಿದರೂ ಕೈಕೊಡಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ರಾತ್ರಿ ಪಾಳಿಯವರನ್ನು ಮನೆಯಿಂದ ಕರೆತರಲು, ಮನೆಗೆ ಬಿಡಲು ನೆಚ್ಚಿಕೊಂಡದ್ದು ಅದನ್ನೇ. 2005ರಲ್ಲಿ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಅದೂ ಹೆಸರು ಉಳಿಸಿತು, ಬೆಳೆಸಿತು. ಟೊಯೋಟಾ ಎಂದರೆ ಕೆಡುವುದಿಲ್ಲ ಎಂಬ ನಂಬಿಕೆಯನ್ನು ಕಟ್ಟಿದ್ದು ಜಾಹೀರಾತಲ್ಲ, ಈ ಎರಡು ಡೀಸೆಲ್ ಗಾಡಿಗಳು ಮತ್ತು ಅವನ್ನು ಓಡಿಸಿದ ಚಾಲಕರು.

ಈಗಿನ ಸ್ಥಿತಿ ನೋಡಿ. 2019ರಲ್ಲಿ ಬಂದ ಗ್ಲಾನ್ಜಾ, ಟೊಯೋಟಾ ಲಾಂಛನ ತೊಟ್ಟ ಮಾರುತಿ ಬಲೆನೊ. 2020ರ ಅರ್ಬನ್ ಕ್ರೂಸರ್ ಕೂಡ ಹಾಗೆಯೇ ಮಾರುತಿಯ ವಿಟಾರಾ ಬ್ರೆಜಾ ಆಗಿತ್ತು. ಇನ್ನೊಂದು ದಿಕ್ಕಿನಿಂದ, ಮಾರುತಿಯವರು ಇನ್ವಿಕ್ಟೊ ಎಂದು ಮಾರುವುದು ಬಿಡದಿಯ ಇನ್ನೋವಾ ಹೈಕ್ರಾಸ್ ಅನ್ನು. ಇನ್ನೋವಾ ಎಂಬ ಹೆಸರನ್ನೇ ತೆಗೆದುಕೊಂಡರೂ, ಕ್ರಿಸ್ಟಾ ಹಳೆಯ ಪದ್ಧತಿಯಂತೆ ಚಾಸಿಯ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರ ತಿರುಗಿಸುವ ಡೀಸೆಲ್ ಗಾಡಿ. ಹೈಕ್ರಾಸ್‌ಗೆ ಬೇರೆ ಚಾಸಿಯೇ ಇಲ್ಲ, ಮುಂದಿನ ಚಕ್ರ ತಿರುಗುತ್ತದೆ, ಎಂಜಿನ್ ಪೆಟ್ರೋಲಿನದು, ಕೆಲವು ಬಗೆಗಳಲ್ಲಿ ಜೊತೆಗೆ ಹೈಬ್ರಿಡ್ ಬ್ಯಾಟರಿ. ಈ ಹೊಸದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಹಲವು ವಿಷಯಗಳಲ್ಲಿ ಅದು ಹಳೆಯದಕ್ಕಿಂತ ಮೇಲು. ಆದರೆ ಡೀಸೆಲ್ ಇನ್ನೋವಾ ಟ್ಯಾಕ್ಸಿಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಗಳಿಸಿದ ನಂಬಿಕೆಯನ್ನು ಈ ಗಾಡಿ ಓಡದೆಯೇ ಪಡೆದುಕೊಂಡಿದೆ. ಕೊಳ್ಳುವವರು ಇಷ್ಟನ್ನಾದರೂ ತಿಳಿದು ಕೊಳ್ಳಬೇಕು.

ಟೊಯೋಟಾದ ಸ್ವಂತ ಮನೆಯಲ್ಲೂ ಈಚಿನ ವರ್ಷಗಳಲ್ಲಿ ಒಪ್ಪಲಾಗದ ಸಂಗತಿಗಳು ನಡೆದವು. ಅದೇ ಸಮೂಹದ ಲಾರಿ ಕಂಪನಿ ಹಿನೊ, ಎಂಜಿನ್ ಹೊಗೆಯ ಅಂಕಿಅಂಶಗಳನ್ನು ತಿದ್ದಿದ್ದಾಗಿ 2022ರಲ್ಲಿ ಒಪ್ಪಿಕೊಂಡಿತು. ಸಣ್ಣ ಕಾರುಗಳ ಡೈಹಟ್ಸು, ಸುರಕ್ಷತಾ ಪರೀಕ್ಷೆಗಳಲ್ಲಿ ವರ್ಷಗಳ ಕಾಲ ಮೋಸ ಮಾಡಿದ್ದು 2023ರ ಡಿಸೆಂಬರಿನಲ್ಲಿ ಬಯಲಾಯಿತು. ಮರುತಿಂಗಳೇ ಡೀಸೆಲ್ ಎಂಜಿನ್‌ಗಳ ಅಶ್ವಶಕ್ತಿ ಪ್ರಮಾಣೀಕರಣದಲ್ಲಿ ಅಕ್ರಮ ಕಂಡುಬಂದು, ನಮ್ಮ ಕ್ರಿಸ್ಟಾ, ಫಾರ್ಚ್ಯೂನರ್‌ಗಳ ರವಾನೆಯೂ ಕೆಲವು ದಿನ ನಿಂತಿತು. ಅಮೆರಿಕದಲ್ಲಿ ಟಂಡ್ರಾ ಪಿಕಪ್ ಟ್ರಕ್‌ನ ಎಂಜಿನ್ನೊಳಗೆ ಲೋಹದ ಚೂರುಗಳು ಉಳಿದುಬಿಟ್ಟಿದ್ದಕ್ಕೆ 2024ರಲ್ಲಿ ಸುಮಾರು 1 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆದರು. ಆದರೂ ಒಂದು ಮಾತು ಹೇಳಲೇಬೇಕು: ಆ ಟಂಡ್ರಾಗಳಿಗೆ ತೇಪೆ ಹಾಕಿ ಕಳಿಸಲಿಲ್ಲ, ಎಂಜಿನ್ನನ್ನೇ ಬದಲಿಸಿಕೊಡುವುದೆಂದು ತೀರ್ಮಾನಿಸಿದರು. ಒಳ್ಳೆಯ ಹೆಸರು ಇರುವವರಿಗೆ ಅದನ್ನು ಕಳೆದುಕೊಳ್ಳುವ ಭಯವೂ ಇರುತ್ತದೆ. ಹೆಸರು ನೋಡಿ ಕೊಳ್ಳುವವರ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ. ಆದರೆ ಆ ಭಯ ಎಲ್ಲರನ್ನೂ ತಡೆಯುವುದಿಲ್ಲ. ಹೊಗೆ ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಸಾಚಾತನ ನಟಿಸುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಇಟ್ಟಿದ್ದ ಫೋಕ್ಸ್‌ವ್ಯಾಗನ್‌ಗೆ 2015ರವರೆಗೂ ಒಳ್ಳೆಯ ಹೆಸರೇ ಇತ್ತು.

ಹೆಸರು ಎಷ್ಟು ಮರುಳು ಮಾಡಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗವಿದೆ. ಯಾರೂ ಪ್ರಯೋಗವೆಂದು ಮಾಡಿದ್ದಲ್ಲ, ತಾನಾಗಿ ಆದದ್ದು. ಫಿಯೆಟ್ ಕಂಪನಿಯ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಒಂದೇ ಕಾಲದಲ್ಲಿ ಮಾರುತಿಯ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿತ್ತು. ಟಾಟಾದ ವಿಸ್ಟಾ, ಮಾಂಜಾಗಳಲ್ಲಿತ್ತು. ಫಿಯೆಟ್‌ನ ಸ್ವಂತ ಪುಂಟೊ, ಲೀನಿಯಾಗಳಲ್ಲೂ ಇತ್ತು. ಸ್ವಿಫ್ಟ್ ಡೀಸೆಲ್‌ಗೆ ಜನ ತಿಂಗಳುಗಟ್ಟಲೆ ಕಾದರು. ಮಾರುತಿಯ ಡೀಸೆಲ್ ಎಂಜಿನ್ ಎಂದರೆ ಎಂಥ ಎಂಜಿನ್ ಎಂದು ಹೊಗಳಿದರು. ಆ ಎಂಜಿನ್ನನ್ನು ಹೆತ್ತ ಫಿಯೆಟ್ ಮಾತ್ರ ಕಾರು ಮಾರಲಾಗದೆ ನಮ್ಮ ಮಾರುಕಟ್ಟೆಯಿಂದಲೇ ಹೋಯಿತು. ಸರ್ವಿಸ್ ಸೆಂಟರ್ ದೂರ, ಸ್ಪೇರ್ ಸಿಗುವುದಿಲ್ಲ ಎಂಬ ಹಳೆಯ ದೂರು ಅದಕ್ಕೆ ಅಂಟಿಕೊಂಡಿತ್ತು, ಅದರಲ್ಲಿ ನಿಜವೂ ಇತ್ತು. ಹಾಗಾದರೆ ಜನ ಹೊಗಳಿದ್ದು ಎಂಜಿನ್ನನ್ನೋ, ಊರೂರಲ್ಲಿರುವ ಮಾರುತಿ ವರ್ಕ್‌ಶಾಪನ್ನೋ? ಎಂಜಿನ್ ಒಂದೇ ಆಗಿರುವಾಗ ಉತ್ತರ ಎರಡನೆಯದೇ ಆಗಬೇಕು. ಗಾಡಿಯ ಹೆಸರು ಎಂದು ನಾವು ಕರೆಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಾನೆಟ್ಟಿನ ಹೊರಗೇ ಇರುತ್ತದೆ. ಅದು ಮೆಕ್ಯಾನಿಕ್‌ನ ಕೈಯಲ್ಲಿ, ಸ್ಪೇರ್ ಅಂಗಡಿಯ ಕಪಾಟಿನಲ್ಲಿ, ಹಳೆಯ ಗಾಡಿ ದಲ್ಲಾಳಿಯ ಬಾಯಲ್ಲಿ ಇರುತ್ತದೆ.

ಲಾರಿಗಳ ಮಟ್ಟಿಗಂತೂ ಇದು ಪೂರ್ತಿ ನಿಜ. ಜಮ್‌ಶೆಡ್‌ಪುರದಲ್ಲಿ 1954ರಿಂದ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಲಾರಿ ಕಟ್ಟಿದ ಟಾಟಾ, 1969ರ ಬಳಿಕ ಸ್ವಂತ ಹೆಸರಿನಲ್ಲೇ ಮುಂದುವರಿಯಿತು. ಬ್ರಿಟನ್ನಿನ ಲೇಲ್ಯಾಂಡ್ ತನ್ನ ನೆಲದಲ್ಲೇ ಮುಳುಗಿ ಅಲ್ಲಿನ ಲಾರಿಗಳ ಮೂತಿಯಿಂದ ಆ ಹೆಸರು ಅಳಿಸಿಹೋದರೂ, ಚೆನ್ನೈನ ಅಶೋಕ್ ಲೇಲ್ಯಾಂಡ್‌ನಲ್ಲಿ ಅದು ಬದುಕಿದೆ. ಇವೆರಡರ ಕೀರ್ತಿ ನಿಂತದ್ದು ಒಂದು ಸರಳ ಸತ್ಯದ ಮೇಲೆ: ಹೆದ್ದಾರಿ ಬದಿಯ ಯಾವ ಮೇಸ್ತ್ರಿ ಬೇಕಾದರೂ ಪಂಪ್ ಬಿಚ್ಚಿ, ನಾಜಲ್ ತೊಳೆದು, ಪಟ್ಟಾ ಬದಲಿಸಿ, ಸಂಜೆಯೊಳಗೆ ಲಾರಿಯನ್ನು ರಸ್ತೆಗೆ ಬಿಡಬಲ್ಲವನಾಗಿದ್ದ. ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು ದೇಶದ ಲಾರಿಗಳಲ್ಲೆಲ್ಲ ಇತ್ತು, ಅದರ ಗುಟ್ಟು ತಿಳಿದವರು ಎಲ್ಲ ಊರಲ್ಲೂ ಇದ್ದರು. ಮಾಲೀಕನಿಗೆ ಗಾಡಿ ಕೆಡದಿರುವುದಕ್ಕಿಂತ ಕೆಟ್ಟಾಗ ಬೇಗ ಸರಿಯಾಗುವುದು ಮುಖ್ಯವಾಗಿತ್ತು, ಏಕೆಂದರೆ ಸಾಲದ ಕಂತು ನಿಂತ ಗಾಡಿಗೂ ಓಡುತ್ತದೆ.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂತು. ಗಾಳಿಯ ದೃಷ್ಟಿಯಿಂದ ಅದು ಆಗಲೇಬೇಕಿದ್ದ ಕೆಲಸ, ಅದನ್ನು ವಿರೋಧಿಸುವ ಮನಸ್ಸು ನನಗಿಲ್ಲ. ಆದರೆ ಅದರೊಂದಿಗೆ ಲಾರಿಯ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿಯ ಫಿಲ್ಟರು, ಯೂರಿಯಾ ದ್ರಾವಣದ ಟ್ಯಾಂಕು, ಹತ್ತಾರು ಸೆನ್ಸರುಗಳು ಸೇರಿದವು. ಒಂದು ಸೆನ್ಸರ್ ಕೆಟ್ಟರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ, ಲೋಡ್ ತುಂಬಿದ ಲಾರಿ ಘಾಟಿಯಲ್ಲಿ ತೆವಳುತ್ತದೆ. ಸ್ಪ್ಯಾನರ್ ಹಿಡಿದ ಮೇಸ್ತ್ರಿಗೆ ಇದರ ಮುಂದೆ ಕೆಲಸವಿಲ್ಲ. ಸ್ಕ್ಯಾನರ್ ಬೇಕು, ಸಾಫ್ಟ್‌ವೇರ್ ಬೇಕು, ಕಂಪನಿಯ ತಂತ್ರಜ್ಞನೇ ಬರಬೇಕು. ಎಲ್ಲಿ ಕೆಟ್ಟರೂ ರಿಪೇರಿಯಾಗುತ್ತದೆ ಎಂಬ ಮಾತನ್ನು ನಿಜ ಮಾಡಿದ್ದ ಆಧಾರವೇ ಜರುಗಿದ ಮೇಲೆ, ಆ ಮಾತು ಯಾವ ಕಂಪನಿಯ ಲಾರಿಗೂ ಮೊದಲಿನಂತೆ ಸಲ್ಲುವುದಿಲ್ಲ. ಇಂದು ಲಾರಿ ಕೊಳ್ಳುವವರು ಕೇಳಬೇಕಾದದ್ದು ಬೇರೆ: ನಾನು ಓಡಿಸುವ ದಾರಿಯಲ್ಲಿ ಸ್ಕ್ಯಾನರ್ ಇರುವ ವರ್ಕ್‌ಶಾಪ್ ಎಷ್ಟು ದೂರಕ್ಕೊಂದು ಇದೆ? ರಾತ್ರಿ ಫೋನ್ ಮಾಡಿದರೆ ಎಷ್ಟು ಹೊತ್ತಿಗೆ ಬರುತ್ತಾರೆ?

ವೋಲ್ವೊದ ಕತೆ ಕನ್ನಡನಾಡಿಗೆ ಇನ್ನೂ ಹತ್ತಿರದ್ದು. ಲಾರಿ ಚಾಸಿಯ ಮೇಲೆ ಕಟ್ಟಿದ ಬಸ್ಸುಗಳಲ್ಲಿ ಕುಲುಕಾಡುತ್ತ ಹೋಗುತ್ತಿದ್ದ ನಮಗೆ, 2001ರ ಹೊತ್ತಿಗೆ ಬಂದ ಹಿಂಬದಿ ಎಂಜಿನ್ನಿನ ಬಿ7ಆರ್ ಬಸ್ಸು ಪ್ರಯಾಣವೆಂದರೆ ಹೀಗೂ ಇರಬಹುದೆಂದು ತೋರಿಸಿತು. ಕೆಎಸ್‌ಆರ್‌ಟಿಸಿಯ ಐರಾವತ ಅದನ್ನು ಮನೆಮಾತಾಗಿಸಿತು. ಆದರೆ ವೋಲ್ವೊ ಎಂದರೆ ಸುರಕ್ಷತೆ ಎಂಬ ಜಗದ್ವಿಖ್ಯಾತ ಹೆಸರು ಬಂದದ್ದು ಕಾರಿನಿಂದ. 1959ರಲ್ಲಿ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟನ್ನು ಆ ಕಂಪನಿ ಎಲ್ಲರೂ ಬಳಸಲೆಂದು ಮುಕ್ತವಾಗಿ ಬಿಟ್ಟುಕೊಟ್ಟಿತು. ಕಾರು ವಿಭಾಗ 1999ರಲ್ಲಿ ಫೋರ್ಡ್‌ಗೆ, 2010ರಲ್ಲಿ ಚೀನಾದ ಗೀಲಿ ಕಂಪನಿಗೆ ಹೋಯಿತು. ಬಸ್ಸು, ಲಾರಿ ಮಾಡುವ ವೋಲ್ವೊ ಬೇರೆ ಕಂಪನಿ. ಎರಡರ ಗಾಡಿಗಳೂ ಹೊಸಕೋಟೆಯಲ್ಲಿ ಜೋಡಣೆಯಾದವು, ಲಾಂಛನವೂ ಒಂದೇ, ಒಡೆಯರು ಮಾತ್ರ ಬೇರೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೊ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡು 45 ಮಂದಿ ಸತ್ತರು. ಸುಮಾರು ಎರಡು ವಾರದ ಬಳಿಕ ಹಾವೇರಿ ಬಳಿ ಮತ್ತೊಂದು ಬಸ್ಸು ಉರಿಯಿತು. ವೇಗ, ರಸ್ತೆ, ಡೀಸೆಲ್ ಟ್ಯಾಂಕಿನ ಜಾಗ, ತುರ್ತು ಬಾಗಿಲು ಎಂದು ವಾದಗಳು ಬಹಳ ನಡೆದವು. ಸ್ವೀಡನ್ನಿನ ಕಾರಿನ ಬೆಲ್ಟು ಗಳಿಸಿದ ಹೆಸರು ನಮ್ಮ ಹೆದ್ದಾರಿಯ ರಾತ್ರಿ ಬಸ್ಸಿನ ಪ್ರಯಾಣಿಕರನ್ನು ಕಾಯಲಾರದು ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ಅರಿವಾಗಬೇಕಿತ್ತು. ತುರ್ತು ಬಾಗಿಲು ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ಬಸ್ಸು ಹತ್ತುವಾಗ ನೋಡುವವರು ಈಗಲೂ ಕಡಿಮೆ.

ಸುರಕ್ಷತೆಯಲ್ಲಿ ಹೆಸರುಗಳು ಬುಡಮೇಲಾದ ಬಗೆ ಇನ್ನೂ ಬೆರಗಿನದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ಐದು ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿತು. ಆಲ್ಟೊ, ನ್ಯಾನೊ, ಐ10ಗಳಿಗೆ ಐದು ನಕ್ಷತ್ರಗಳಲ್ಲಿ ಸೊನ್ನೆ ಬಂದದ್ದು ಅನೇಕರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಆದರೆ ಗಟ್ಟಿತನಕ್ಕೆ ಹೆಸರಾದ ಫೋರ್ಡ್ ಫಿಗೊ, ಜರ್ಮನಿಯ ಫೋಕ್ಸ್‌ವ್ಯಾಗನ್ ಪೋಲೊಗಳಿಗೂ ಸೊನ್ನೆಯೇ ಬಂತು. ಏರ್‌ಬ್ಯಾಗ್ ಇಟ್ಟ ಪೋಲೊ ನಾಲ್ಕು ನಕ್ಷತ್ರ ಪಡೆಯಿತು. ಲಾಂಛನ ಅದೇ, ಕಾರೂ ಅದೇ, ಉಳಿಸಿದ ಕೆಲವು ಸಾವಿರ ರೂಪಾಯಿಗಳಷ್ಟೇ ವ್ಯತ್ಯಾಸ. 2018ರ ಡಿಸೆಂಬರಿನಲ್ಲಿ ಭಾರತದ ಮೊದಲ ಐದು ನಕ್ಷತ್ರ ಗಳಿಸಿದ್ದು, ಟ್ಯಾಕ್ಸಿಗಷ್ಟೇ ಲಾಯಕ್ಕು ಎನಿಸಿಕೊಂಡಿದ್ದ ಟಾಟಾ. ತಗಡೆಂದು ಹಳಿಸಿಕೊಂಡ ಮಾರುತಿಯ ಹೊಸ ಡಿಜೈರ್ ಕೂಡ 2024ರಲ್ಲಿ ಐದು ಪಡೆಯಿತು. ಆದರೂ ಮಾರುತಿ ಎಂದರೆ ತಗಡು ಎಂಬ ಮಾತು ಇನ್ನೂ ಕೆಲವು ವರ್ಷ ಓಡುತ್ತದೆ. ಅಮೆರಿಕದಲ್ಲಿ ನಗೆಪಾಟಲಾಗಿದ್ದ ಹ್ಯುಂಡೈ ಆ ಹೆಸರು ಕಳೆದುಕೊಳ್ಳಲು 1998ರಲ್ಲಿ ಹತ್ತು ವರ್ಷದ ವಾರಂಟಿಯನ್ನೇ ಕೊಡಬೇಕಾಯಿತು. ನಕ್ಷತ್ರಗಳೂ ಎಲ್ಲವನ್ನೂ ಹೇಳುವುದಿಲ್ಲ. ಐದು ನಕ್ಷತ್ರದ ಗಾಡಿಯ ಸ್ಕ್ರೀನ್ ಕೆಡಬಹುದು, ಅದರ ಸರ್ವಿಸ್ ಸೆಂಟರ್ ತಿಂಗಳುಗಟ್ಟಲೆ ಅಲೆಸಬಹುದು.

ಹೆಸರಿನ ಮೇಲೆ ಜನ ಇಷ್ಟು ಅವಲಂಬಿತರಾಗಲು ಕಾರಣ ಮೂಢತನವಲ್ಲ. ಅವರ ಮುಂದೆ ಬೇರೆ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಜರ್ಮನಿಯಲ್ಲಿ ಕಾರುಗಳನ್ನು ನಿಯತವಾಗಿ ತಪಾಸಣೆಗೆ ಒಯ್ಯಲೇಬೇಕು. ಆ ತಪಾಸಣೆಯಲ್ಲಿ ಯಾವ ಮಾದರಿ, ಎಷ್ಟು ವರ್ಷದ್ದು, ಎಷ್ಟರ ಪ್ರಮಾಣದಲ್ಲಿ ದೋಷ ತೋರಿತು ಎಂಬ ವರದಿಯನ್ನು ಟಿಯುವಿ ಸಂಸ್ಥೆ ಪ್ರತಿ ವರ್ಷ ಪ್ರಕಟಿಸುತ್ತದೆ. ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆಗೆ ಗ್ರಾಹಕರು ಕೊಟ್ಟ ದೂರುಗಳನ್ನು ಯಾರು ಬೇಕಾದರೂ ಓದಬಹುದು. ನಮ್ಮಲ್ಲೂ 2021ರ ಏಪ್ರಿಲ್‌ನಿಂದ ದೋಷಯುಕ್ತ ವಾಹನ ಹಿಂಪಡೆಯಲು ಸರ್ಕಾರ ಆದೇಶಿಸುವ ಕಾನೂನು ಜಾರಿಯಲ್ಲಿದೆ, 2023ರಿಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಿದೆ. ಇವು ಒಳ್ಳೆಯ ಹೆಜ್ಜೆಗಳು, ಆದರೆ ಸಾಲವು.

ಪ್ರತಿ ಲಾರಿ, ಬಸ್ಸು, ಟ್ಯಾಕ್ಸಿ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ತಪಾಸಣೆಗೆ, ಹೋಗಲೇಬೇಕು. ಬ್ರೇಕ್ ಯಾವುದರಲ್ಲಿ ಸೋತಿತು, ಹೊಗೆ ಯಾವುದರಲ್ಲಿ ಮೀರಿತು ಎಂಬ ಮಾಹಿತಿ ಅಲ್ಲೇ ಹುಟ್ಟುತ್ತದೆ. ನಮ್ಮ ನಾಲ್ಕು ಸಾರಿಗೆ ನಿಗಮಗಳ ಡಿಪೋಗಳಿಗೆ ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಬಸ್ಸು ಕೆಟ್ಟು ನಿಂತವು ಎಂಬ ಲೆಕ್ಕ ಹೊಸದಲ್ಲ. ಈ ಎರಡನ್ನೂ ಕಂಪನಿವಾರು, ಮಾದರಿವಾರು, ವರ್ಷವಾರು ಪ್ರಕಟಿಸಲು ಸಾರಿಗೆ ಇಲಾಖೆ ಮನಸ್ಸು ಮಾಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾನೂನೂ ಬೇಕಾಗಲಾರದು. ಲಾರಿ ಮಾಲೀಕರ ಸಂಘಗಳು, ಟ್ಯಾಕ್ಸಿ ಚಾಲಕರ ಸಂಘಗಳು ಡೀಸೆಲ್ ದರ, ಟೋಲ್ ದರಕ್ಕೆ ಹೋರಾಡುವಷ್ಟೇ ಗಟ್ಟಿಯಾಗಿ ಈ ಮಾಹಿತಿಯನ್ನೂ ಕೇಳಲಿ. ಅದು ಕೈಗೆ ಬರುವವರೆಗೆ, ಗಾಡಿ ಕೊಳ್ಳಲು ಹೊರಟವರು ಒಂದಿಷ್ಟು ಕೆಲಸ ಮಾಡಲಿ: ಅದೇ ಮಾದರಿಯನ್ನು, ಅದೇ ಎಂಜಿನ್ನನ್ನು ಮೂರು ವರ್ಷ ಓಡಿಸಿದವರನ್ನು ಹುಡುಕಿ ಕೇಳಿ. ಹಳೆಯ ಗಾಡಿಯಾದರೆ ಚಾಸಿ ನಂಬರ್ ಹಾಕಿ, ಕಂಪನಿ ಅದನ್ನು ಹಿಂದಕ್ಕೆ ಕರೆದಿತ್ತೇ ಎಂದು ನೋಡಿ. ನಿಮ್ಮ ಊರಿಗೆ ಹತ್ತಿರದ ವರ್ಕ್‌ಶಾಪಿಗೆ ಹೋಗಿ, ರಿಪೇರಿಗೆ ಬಂದು ನಿಂತಿರುವ ಗಾಡಿಗಳ ಮಾಲೀಕರನ್ನು ಮಾತಾಡಿಸಿ. ಮುಂಗಡ ಕೊಡುವುದು ಆಮೇಲೆ.