ಅತ್ತಿ ಹಣ್ಣನ್ನೂ ಸಪ್ಪೆ ಮಾಡುವ ಪುಸ್ತಕಗಳು

ಬೋಧನಾಭ್ಯಾಸದ ಎರಡನೆಯ ವಾರ ಏಳನೆಯ ತರಗತಿಗೆ ಪರಾಗಸ್ಪರ್ಶದ ಪಾಠ ಮಾಡಬೇಕಿತ್ತು. ಪಠ್ಯದಾಚೆಗಿನದೂ ಸ್ವಲ್ಪ ಇರಲಿ ಎಂದು ಶಾಲೆಯ ಗ್ರಂಥಾಲಯದಿಂದ ಸಸ್ಯಗಳ ಬಗೆಗಿನ ಒಂದು ಕನ್ನಡ ಪುಸ್ತಕ ತಂದೆ. ಅದರಲ್ಲಿ ಅತ್ತಿಗೆ ಐದೇ ಸಾಲು: ಪುಷ್ಪಮಂಜರಿಯ ಹೆಸರು, ಹೂಗಳ ವಿಧ, 'ಕೀಟದಿಂದ ಪರಾಗಸ್ಪರ್ಶ ನಡೆಯುತ್ತದೆ', ಕೊನೆಗೆ ಉಪಯೋಗಗಳು. ಅದನ್ನೇ ಪಾಠಯೋಜನೆಗೆ ಇಳಿಸಿ, ಕಪ್ಪುಹಲಗೆಯ ಮೇಲೂ ಬರೆದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮಿಸ್, ಅತ್ತಿ ಹಣ್ಣು ಬಿಚ್ಚಿದ್ರೆ ಹುಳ ಇರುತ್ತಲ್ಲ, ಅದು ಒಳಗೆ ಹೋಗಿದ್ದು ಹೇಗೆ?" ಎಂದ. "ಅದು ಮುಂದಿನ ತರಗತೀಲಿ ಬರುತ್ತೆ, ಈಗ ಬರ್ಕೊ" ಎಂದೆ. ಬರುತ್ತದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಬಿಎಸ್ಸಿಯಲ್ಲಿ 'ಹೈಪ್ಯಾಂತೋಡಿಯಂ' ಎಂದು ಚಿತ್ರ ಸಮೇತ ಬರೆದು ಅಂಕ ಪಡೆದವಳು ನಾನು! ಆ ಹುಡುಗ ಮತ್ತೆ ಏನನ್ನೂ ಕೇಳಲಿಲ್ಲ.

ಆಮೇಲೆ ಹುಡುಕಿ ಓದಿದೆ. ಪರಾಗ ಹೊತ್ತ ಪುಟ್ಟ ಹೆಣ್ಣು ಕಣಜ ಕಾಯಿಯ ತುದಿಯ ಕಿರುಕಿಂಡಿಯಲ್ಲಿ ನುಸುಳುತ್ತದೆ. ಆ ಇಕ್ಕಟ್ಟಿಗೆ ಸಾಮಾನ್ಯವಾಗಿ ರೆಕ್ಕೆಗಳೇ ಕಿತ್ತುಹೋಗುತ್ತವೆ. ಒಳಗಿನ ಹೂಗಳಿಗೆ ಪರಾಗ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಆ ಮೊಟ್ಟೆಗಳಿಂದ ಬರುವ ಗಂಡುಗಳಿಗೆ ರೆಕ್ಕೆಯಿಲ್ಲ. ಅವು ಹೆಣ್ಣುಗಳೊಡನೆ ಕೂಡಿ, ಹೊರದಾರಿ ಕೊರೆದುಕೊಟ್ಟು ಸಾಯುತ್ತವೆ. ಹೆಣ್ಣುಗಳು ಹೊಸ ಪರಾಗ ಹೊತ್ತು ಬೇರೆ ಅತ್ತಿಮರ ಹುಡುಕಿ ಹಾರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದೇ ಅತ್ತಿ ಮತ್ತು ಅದರ ಕಣಜಗಳ ಮೇಲೆ ಸಂಶೋಧನೆ ನಡೆಸಿದ್ದಾರೆ. ಇಷ್ಟೆಲ್ಲ 'ಕೀಟದಿಂದ ಪರಾಗಸ್ಪರ್ಶ ನಡೆಯುತ್ತದೆ' ಎಂಬ ಒಂದು ಸಾಲಿನಲ್ಲಿ ಹೂತುಹೋಗಿತ್ತು.

ಪಾರಿಭಾಷಿಕ ಪದಗಳಿಂದಲೇ ಪುಸ್ತಕ ನೀರಸವಾಗುತ್ತದೆ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'ವಿನಲ್ಲಿ ಸಸ್ಯಶಾಸ್ತ್ರದ ಹೆಸರುಗಳಿಗೇನೂ ಬರವಿಲ್ಲ. ಆದರೆ ಅಲ್ಲಿ ಮೇಷ್ಟರೂ ವಿದ್ಯಾರ್ಥಿಗಳೂ ಕಾಡು ಸುತ್ತುತ್ತಾರೆ, ಗಿಡ ಮೊದಲು ಕಣ್ಣಿಗೆ ಬೀಳುತ್ತದೆ, ಹೆಸರು ಆಮೇಲೆ. ನಾನು ತಂದ ಪುಸ್ತಕ ಯಾರೂ ಕೇಳುವ ಮೊದಲೇ ಉತ್ತರ ಕೊಟ್ಟುಬಿಟ್ಟಿತ್ತು. ಇದಕ್ಕೆ ಮದ್ದೆಂದು ಕಣಜದ ಬಾಯಲ್ಲಿ "ಮಕ್ಕಳೇ, ನಾನು ಯಾರು ಗೊತ್ತೇ?" ಎಂದು ಮಾತಾಡಿಸುವ ಪುಸ್ತಕಗಳೂ ಇವೆ. ಅವು ಇನ್ನೂ ಬೇಸರ. ಏಳನೆಯ ತರಗತಿಯವರು ಅಷ್ಟು ಚಿಕ್ಕವರಲ್ಲ.

ಪುಸ್ತಕವನ್ನಷ್ಟೇ ದೂರಿ ನಾನು ಪಾರಾಗುವಂತಿಲ್ಲ. ನಮ್ಮ ಪಾಠಯೋಜನೆಯೂ ಅದೇ ಜಾಡಿನದು: ವ್ಯಾಖ್ಯೆ, ವಿಧ, ಉಪಯೋಗ, ಮೌಲ್ಯಮಾಪನ. ಮುಂದಿನ ಅಭ್ಯಾಸ ಪಾಠಕ್ಕೆ ಅತ್ತಿ ಕಾಯಿಯನ್ನೇ ತರುತ್ತೇನೆ. ಮೊದಲ ಹತ್ತು ನಿಮಿಷ ಮಕ್ಕಳು ಅದನ್ನು ಕುಯ್ದು ನೋಡಲಿ, ಬೋರ್ಡ್ ಖಾಲಿಯೇ ಇರಲಿ. ಪಾಠ ವೀಕ್ಷಿಸುವ ಗುರುಗಳು ಆ ಹತ್ತು ನಿಮಿಷವನ್ನು 'ಕಪ್ಪುಹಲಗೆಯ ಬಳಕೆ ಇಲ್ಲ' ಎಂದು ಗುರುತು ಹಾಕಿಕೊಳ್ಳಬಾರದೆಂದು ಈಗಲೇ ಕೇಳಿಕೊಳ್ಳುತ್ತೇನೆ.